ಪಿಎಫ್ ಕಟ್ ಆಗಿದೆ, ಪಾಸ್‌ಬುಕ್‌ನಲ್ಲಿ ಇಲ್ಲ: ಕೇಳಬಹುದಾ?

ನಾಲ್ಕು ತಿಂಗಳಿಂದ ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದಾರೆ, ಪಿಎಫ್ ಪಾಸ್‌ಬುಕ್‌ನಲ್ಲಿ ಏನೂ ಇಲ್ಲ, ಕೇಳಿದರೆ ಓನರ್ "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತಾರೆ ಅಂದಿದ್ದೀರಿ. ಖಂಡಿತ ಕೇಳಿ.

ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಾಲ್ಕು ದಿನ ತಡವಾದರೆ ಸುಮ್ನಿರಬಹುದು, ನಾಲ್ಕು ತಿಂಗಳು ಅಂದರೆ ಮರೆವಲ್ಲ. ನಿಮ್ಮ ಸಂಬಳದಿಂದ ಹಿಡಿದ ಹಣ ನಿಮ್ಮದು. ಅದನ್ನು ಕಟ್ಟದೆ ಇಟ್ಟುಕೊಂಡರೆ ಕಾನೂನು ಅದನ್ನು ನಂಬಿಕೆ ದ್ರೋಹದ ಅಪರಾಧ ಅಂತಲೇ ನೋಡುತ್ತದೆ. ಮೊದಲು ಹಳೆಯ ದಂಡ ಸಂಹಿತೆಯಾದ ಐಪಿಸಿಯ ಸೆಕ್ಷನ್ 405ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 316ರಲ್ಲಿದೆ. ಓನರ್‌ಗೆ ನಿಜವಾಗಿಯೂ ದುಡ್ಡಿನ ತೊಂದರೆ ಇರಬಹುದು. ಇದ್ದರೆ ಬ್ಯಾಂಕಿನಲ್ಲಿ ಸಾಲ ಕೇಳಲಿ, ಕೆಲಸದವರ ಹತ್ತಿರ ಹೇಳದೆ ತೆಗೆದುಕೊಳ್ಳುವುದು ಯಾವ ನ್ಯಾಯ?

ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಬುಕ್ ಮೂರನ್ನೂ ಈಗಲೇ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಫೋನಿನಲ್ಲಿಟ್ಟುಕೊಳ್ಳಿ. ಆಮೇಲೆ "ಯಾವ ತಿಂಗಳ ಹಣ ಯಾವತ್ತು ಕಟ್ಟುತ್ತೀರಿ?" ಅಂತ ಮರ್ಯಾದೆಯಿಂದಲೇ ಒಂದು ಮೇಲ್ ಹಾಕಿ. ಬಾಯಿ ಮಾತಿನಲ್ಲಿ ಬೇಡ. ಉತ್ತರ ಬರದಿದ್ದರೆ ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ದೂರು ಪೋರ್ಟಲ್ ಇದೆ, ನಿಮ್ಮ ಯುಎಎನ್ (ಪಿಎಫ್ ಸದಸ್ಯರ ಖಾತೆ ಸಂಖ್ಯೆ) ಹಾಕಿ ದೂರು ಕೊಡಬಹುದು.

ಒಬ್ಬರೇ ಹೋಗಲು ಭಯ ಅಂದಿರಲ್ಲ, ಪಕ್ಕದ ಸೀಟಿನವರ ಪಾಸ್‌ಬುಕ್ ಕೂಡ ನೋಡಲು ಹೇಳಿ. ಅವರದ್ದೂ ಬಹುಶಃ ಹೀಗೇ ಇರುತ್ತದೆ.