ಆಂಟೆನಾ ಎಣಿಸಬೇಡಿ, ಒಳಗಿನ ಚಿಪ್ ಯಾವುದು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿವಮೊಗ್ಗ. ಮನೆಗೆ 150 ಎಂಬಿಪಿಎಸ್ ಫೈಬರ್ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ 150 ಸರಿಯಾಗಿಯೇ ಬರುತ್ತದೆ. ಆದರೆ ಮಗ ವಿಡಿಯೋ ಅಪ್‌ಲೋಡ್‌ಗೆ ಹಾಕಿದರೆ ಸಾಕು, ಸೊಸೆಯ ಆಫೀಸ್ ಮೀಟಿಂಗ್‌ನಲ್ಲಿ ಧ್ವನಿ ತುಂಡು ತುಂಡಾಗುತ್ತದೆ. ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಬೇರೆ ಸಾಫ್ಟ್‌ವೇರ್ ಹಾಕಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯ ಹುಡುಗ ಹೇಳಿದ. ನಮ್ಮಲ್ಲಿ ಹಳೇ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ರೂಟರ್, ಒಂದು ಹಳೇ ಐ3 ಡೆಸ್ಕ್‌ಟಾಪ್, ಮಗ ಯಾವಾಗಲೋ ತಂದಿಟ್ಟ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇವೆ. ಇದರಲ್ಲಿ ಯಾವುದಾದರೂ ಆಗುತ್ತದಾ? ಇಲ್ಲ ಹೊಸದು ಕೊಳ್ಳಲಾ? ಆರು ಆಂಟೆನಾ ಇರುವ ರೂಟರ್ ಒಂದು ಆಫರ್‌ನಲ್ಲಿದೆ. ಬಜೆಟ್ 8 ಸಾವಿರ.

ಉತ್ತರ: ನಮಸ್ಕಾರ. ಮೊದಲು ಆ ಆಫರ್ ಪುಟ ಮುಚ್ಚಿಬಿಡಿ, ಆಮೇಲೆ ಮಾತಾಡೋಣ.

ಏನನ್ನಾದರೂ ಕೊಳ್ಳುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ (ವೈಫೈ ಬೇಡ, ಕೇಬಲ್ಲೇ), 8.8.8.8ಕ್ಕೆ ಪಿಂಗ್ (ಡೇಟಾ ಅಲ್ಲಿಗೆ ಹೋಗಿ ಬರಲು ಹಿಡಿಯುವ ಸಮಯ ಅಳೆಯುವ ಕಮಾಂಡ್) ಹಚ್ಚಿಟ್ಟು, ಅದೇ ಲ್ಯಾಪ್‌ಟಾಪ್‌ನಿಂದ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ. ಸುಮ್ನೆ ಇದ್ದಾಗ 15-20 ಮಿಲಿಸೆಕೆಂಡ್ ಇದ್ದ ಪಿಂಗ್ ಅಪ್‌ಲೋಡ್ ಶುರುವಾದ ಕೂಡಲೇ 200, 300ಕ್ಕೆ ಹಾರಿತಾ? ಹಾಗಾದರೆ ನಿಮ್ಮ ಕಾಯಿಲೆಯ ಹೆಸರು ಬಫರ್‌ಬ್ಲೋಟ್. ಲೈನಿನ ವೇಗ ಕಡಿಮೆಯಾಗಿಲ್ಲ, ಇಂಟರ್‌ನೆಟ್ ಕಂಪನಿಯ ಡಬ್ಬದಲ್ಲಿ ಕ್ಯೂ ಬೆಳೆದಿದೆ. ಮಗನ ವಿಡಿಯೋ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ಮದುವೆ ದಿಬ್ಬಣದ ಹಾಗೆ ರಸ್ತೆ ತುಂಬಾ ನಿಂತಿವೆ, ಸೊಸೆಯ ಮಾತು ಹಿಂದೆ ಸಿಕ್ಕಿಹಾಕಿಕೊಂಡ ಸ್ಕೂಟರ್. ಕೇಬಲ್‌ನಲ್ಲಿ ಪಿಂಗ್ ಏರದೆ ವೈಫೈನಲ್ಲಿ ಮಾತ್ರ ಏರಿದರೆ ತೊಂದರೆ ಲೈನಿನಲ್ಲಿಲ್ಲ, ವೈಫೈನಲ್ಲಿದೆ. ಅದಕ್ಕೆ ಔಷಧಿ ಬೇರೆ, ಕೆಳಗೆ ಹೇಳುತ್ತೇನೆ.

ಬಫರ್‌ಬ್ಲೋಟ್‌ಗೆ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯುಎಂ ಎಂಬ ವ್ಯವಸ್ಥೆ ಇದೆ, ಅದರೊಳಗೆ ಕೆಲಸ ಮಾಡುವುದು ಕೇಕ್ ಎಂಬ ತಂತ್ರ. ನಿಮ್ಮ ಲೈನ್ 150 ಅಂದರೆ ಅದಕ್ಕೆ 135 ಅಂತ ಹೇಳಿಡಬೇಕು, ಹತ್ತು ಪರ್ಸೆಂಟ್ ಕಡಿಮೆ. ಆಗ ಕ್ಯೂ ಕಂಪನಿಯ ಡಬ್ಬದಲ್ಲಿ ಬೆಳೆಯುವ ಬದಲು ನಿಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಮತ್ತು ನಿಮ್ಮ ರೂಟರ್ ಎಲ್ಲರನ್ನೂ ಸರದಿಯ ಮೇಲೆ ಬಿಡುತ್ತದೆ. 15 ಎಂಬಿಪಿಎಸ್ ಬಿಟ್ಟುಕೊಟ್ಟು ನೆಮ್ಮದಿ ಕೊಂಡ ಹಾಗೆ. ಅಪ್‌ಲೋಡ್ ವೇಗ ಬೇರೆ ಇದ್ದರೆ ಅದಕ್ಕೂ ಇದೇ ಲೆಕ್ಕದಲ್ಲಿ ಬೇರೆ ಸಂಖ್ಯೆ ಹಾಕಿ.

ಹಾರ್ಡ್‌ವೇರ್ ಮಾತು ಬರುವುದು ಇಲ್ಲಿ. ಅಂಗಡಿಯ ರೂಟರ್‌ಗಳು ಗಿಗಾಬಿಟ್ ವೇಗ ಕೊಡುತ್ತವಲ್ಲ, ಅವುಗಳಲ್ಲಿ ಬಹಳಷ್ಟು ಅದನ್ನು ಪ್ರೊಸೆಸರ್‌ನ ಬಲದಿಂದ ಕೊಡುವುದಿಲ್ಲ. ಪ್ಯಾಕೆಟ್‌ಗಳನ್ನು ಪ್ರೊಸೆಸರ್‌ಗೆ ತೋರಿಸದೆಯೇ ಆಚೆ ದಾಟಿಸುವ ಅಡ್ಡದಾರಿಯೊಂದು ಚಿಪ್‌ನಲ್ಲಿರುತ್ತದೆ. ಎಸ್‌ಕ್ಯುಎಂ ಹಾಕಿದಿರೋ, ಆ ಅಡ್ಡದಾರಿ ಮುಚ್ಚಿಹೋಯಿತು. ಪ್ರತಿ ಪ್ಯಾಕೆಟ್ಟೂ ಪ್ರೊಸೆಸರ್ ಕೈಯಲ್ಲೇ ಹೋಗಬೇಕು. ಆಗ ಡಬ್ಬದ ಮೇಲೆ ಬರೆದ ಎಸಿ1200, ಎಎಕ್ಸ್3000 ಎಲ್ಲಾ ಲೆಕ್ಕಕ್ಕೆ ಬರುವುದಿಲ್ಲ. ಆ 1200 ಬಂದದ್ದು ಹೇಗೆ ಗೊತ್ತಾ? 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿಸಿ, ಮೇಲಕ್ಕೆ ಎತ್ತಿ ಬರೆದದ್ದು. ನಿಮ್ಮ ಫೋನ್ ಒಂದು ಸಲಕ್ಕೆ ಒಂದರಲ್ಲಿ ಮಾತ್ರ ಇರುತ್ತದೆ. ಅದಕ್ಕಿಂತ ತಮಾಷೆ, ಆರ್ಚರ್ ಸಿ50 ಥರದ ಎಸಿ1200 ರೂಟರ್‌ಗಳಲ್ಲಿ ಹಿಂದಿನ ಪೋರ್ಟ್‌ಗಳು 100 ಎಂಬಿಪಿಎಸ್‌ನವು. 1200 ಅಂತ ಕೊಂಡುಕೊಂಡು 95ಕ್ಕೆ ನಿಂತರೆ ಹೊಟ್ಟೆ ಉರಿಯಲ್ವಾ?

ಈಗ ನಿಮ್ಮ ಮನೆಯ ಮೂರು ಸಾಮಾನು ನೋಡೋಣ.

841ಎನ್ ಬಿಟ್ಟುಬಿಡಿ. ಒಂದು ಕಾಲಕ್ಕೆ ಮನೆಮನೆಯಲ್ಲೂ ಇದ್ದ ಒಳ್ಳೆಯ ರೂಟರ್ ಅದು, ನನ್ನ ಮೊದಲ ಓಪನ್‌ಡಬ್ಲ್ಯುಆರ್‌ಟಿ ಕೂಡ ಅದರ ಮೇಲೇ. ಆದರೆ ಅದರ ಬಹುಪಾಲು ಆವೃತ್ತಿಗಳಲ್ಲಿ ಫ್ಲ್ಯಾಶ್ (ಸಾಫ್ಟ್‌ವೇರ್ ಇಡುವ ಜಾಗ) 4 ಎಂಬಿ, ರ್‍ಯಾಮ್ 32 ಎಂಬಿ. ಇಂಥ ಪುಟ್ಟ ಡಬ್ಬಗಳಿಗೆ ಓಪನ್‌ಡಬ್ಲ್ಯುಆರ್‌ಟಿಯ 19.07 ಸರಣಿಯೇ ಕೊನೆ. ಅದಕ್ಕೆ ಭದ್ರತಾ ತೇಪೆ ಬರುವುದು 2022ರಲ್ಲೇ ನಿಂತಿದೆ. ಹೊರಗಿನ ಜಗತ್ತಿಗೂ ಮನೆಗೂ ನಡುವಿನ ಬಾಗಿಲಲ್ಲಿ ಅಂಥದ್ದನ್ನು ನಿಲ್ಲಿಸಬೇಡಿ. ಪೋರ್ಟ್‌ಗಳೂ 100ರವೇ. ಇವತ್ತು ಏನೇ ಕೊಂಡರೂ ಫ್ಲ್ಯಾಶ್ 16 ಎಂಬಿ, ರ್‍ಯಾಮ್ 128 ಎಂಬಿಗಿಂತ ಕೆಳಗೆ ಇಳಿಯಬೇಡಿ. ನನ್ನ ಕೇಳಿದರೆ ರ್‍ಯಾಮ್ 256 ಇರಲಿ, ಆಮೇಲೆ ಜಾಹೀರಾತು ತಡೆಯುವ ಆಸೆ ಬಂದೇ ಬರುತ್ತದೆ, ಅದರ ಪಟ್ಟಿಗಳು ರ್‍ಯಾಮ್ ತಿನ್ನುತ್ತವೆ.

ಡೆಸ್ಕ್‌ಟಾಪ್‌ಗೆ ಈ ಕೆಲಸ ನೀರು ಕುಡಿದಷ್ಟು ಸುಲಭ. ಇನ್ನೊಂದು ಲ್ಯಾನ್ ಕಾರ್ಡ್ ಹಾಕಿದರೆ ಮುಗಿಯಿತು. ಆದರೆ ಹಗಲು ರಾತ್ರಿ ಉರಿಯಬೇಕಲ್ಲ. ಸುಮ್ನೆ ಕೂತಾಗಲೇ 40 ವ್ಯಾಟ್ ಎಳೆಯುತ್ತದೆ ಅಂದುಕೊಂಡರೂ ತಿಂಗಳಿಗೆ ಸುಮಾರು 29 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರಿಗೆ ಅಷ್ಟು ಜಾಸ್ತಿಯಾದರೆ ಮಿತಿ ದಾಟಿ ಬಿಲ್ ಬರಬಹುದು. ಜೊತೆಗೆ ಫ್ಯಾನಿನ ಸದ್ದು, ಧೂಳು. ಬೇಡ.

ಉಳಿದದ್ದು ಪೈ 4. ನಿಮ್ಮ ಉತ್ತರ ಅಲ್ಲೇ ಇದೆ.

ಅದರಲ್ಲಿ ನಿಜವಾದ ಗಿಗಾಬಿಟ್ ಪೋರ್ಟ್ ಒಂದಿದೆ. ಹಳೇ 3ಬಿ ಪ್ಲಸ್ ಹಾಗಲ್ಲ, ಅದು ಯುಎಸ್‌ಬಿ 2ರ ಹಿಂದೆ ಕೂತು 300 ಎಂಬಿಪಿಎಸ್ ಹತ್ತಿರ ನಿಂತುಬಿಡುತ್ತದೆ. ರೂಟರ್‌ಗೆ ಎರಡು ಪೋರ್ಟ್ ಬೇಕು, ಎರಡನೆಯದಕ್ಕೆ ಯುಎಸ್‌ಬಿ 3ರ ಗಿಗಾಬಿಟ್ ಈಥರ್ನೆಟ್ ಅಡಾಪ್ಟರ್ ತನ್ನಿ, ಒಳಗೆ ರಿಯಲ್‌ಟೆಕ್ 8153 ಚಿಪ್ ಇರುವುದು. ನೀಲಿ ಯುಎಸ್‌ಬಿ ಪೋರ್ಟ್‌ಗೇ ಹಾಕಿ. 150 ಎಂಬಿಪಿಎಸ್‌ಗೆ ಕೇಕ್ ಹಾಕಿದರೂ ಪೈ 4 ಬೆವರುವುದಿಲ್ಲ. ಕರೆಂಟು 5 ವ್ಯಾಟ್ ಆಸುಪಾಸು, ತಿಂಗಳಿಗೆ ನಾಲ್ಕು ಯೂನಿಟ್‌ಗಿಂತ ಕಡಿಮೆ. ಮೆಮೊರಿ ಕಾರ್ಡ್ ಬೇಗ ಸಾಯುತ್ತದೆ ಎಂಬ ಭಯ ಬೇಡ, ಓಪನ್‌ಡಬ್ಲ್ಯುಆರ್‌ಟಿ ಲಾಗ್‌ಗಳನ್ನೆಲ್ಲ ರ್‍ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ, ಕಾರ್ಡ್‌ಗೆ ಬರೆಯುವುದು ಅಪರೂಪ.

ಎಲ್ಲರೂ ಎಡವುವ ಜಾಗ ಒಂದಿದೆ. ಆ ಅಡಾಪ್ಟರ್‌ನ ಡ್ರೈವರ್ ಪೈಗೆ ಸಿಗುವ ಓಪನ್‌ಡಬ್ಲ್ಯುಆರ್‌ಟಿಯ ಸಿದ್ಧ ಫೈಲ್‌ನಲ್ಲಿ ಇಲ್ಲದಿದ್ದರೆ, ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಅಡಾಪ್ಟರ್ ಬೇಕು. ಓಪನ್‌ಡಬ್ಲ್ಯುಆರ್‌ಟಿಯವರದೇ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ ನಿಮಗೆ ಬೇಕಾದ ಪ್ಯಾಕೇಜ್‌ಗಳನ್ನು ಸೇರಿಸಿ ಫೈಲ್ ಕಟ್ಟಿಸಿಕೊಳ್ಳಬಹುದು. ರಿಯಲ್‌ಟೆಕ್ 8152 ಹೆಸರಿನ ಡ್ರೈವರ್ (8153ಕ್ಕೂ ಅದೇ) ಮತ್ತು ಎಸ್‌ಕ್ಯುಎಂ, ಎರಡನ್ನೂ ಮೊದಲೇ ಸೇರಿಸಿಬಿಡಿ.

ಪೈಯ ಒಳಗಿನ ವೈಫೈಯಿಂದ ಮನೆ ತುಂಬಾ ಸಿಗ್ನಲ್ ಕೊಡಲು ಹೋಗಬೇಡಿ. ಅದು ಪೈ ತಾನು ನೆಟ್‌ಗೆ ಸೇರಲು ಮಾಡಿದ ಪುಟ್ಟ ವೈಫೈ. ಅಂದರೆ ನಿಮಗೆ ಬೇರೆ ವೈಫೈ ಡಬ್ಬ ಬೇಕು, 8 ಸಾವಿರದಲ್ಲಿ ಅಡಾಪ್ಟರ್ ಕೊಂಡು ಉಳಿದ ದುಡ್ಡು ಅದಕ್ಕೇ ಹೋಗಲಿ. ಎರಡು ಬ್ಯಾಂಡ್, ಹಿಂದೆ ಗಿಗಾಬಿಟ್ ಪೋರ್ಟ್, ಆಕ್ಸೆಸ್ ಪಾಯಿಂಟ್ ಮೋಡ್ (ರೂಟಿಂಗ್ ಬಿಟ್ಟು ವೈಫೈ ಮಾತ್ರ ಕೊಡುವುದು) ಇದ್ದರೆ ಸಾಕು. ಮನೆಯ ನಡುಭಾಗಕ್ಕೆ ಕೇಬಲ್ ಎಳೆದು ಅಲ್ಲಿಡಿ, ಟಿವಿ ಸ್ಟ್ಯಾಂಡ್ ಹಿಂದೆ ತುರುಕಬೇಡಿ. ರೂಟಿಂಗ್ ಒಂದು ಕೆಲಸ, ವೈಫೈ ಇನ್ನೊಂದು. ಎರಡನ್ನೂ ಒಂದೇ ಡಬ್ಬದಲ್ಲಿ ಮಾರುವುದು ಅಂಗಡಿಯವರ ಅನುಕೂಲಕ್ಕೆ. ಬೇರೆ ಮಾಡಿದರೆ ನಾಳೆ ವೈಫೈ ಹಳತಾದಾಗ ಅದನ್ನಷ್ಟೇ ಬದಲಿಸಬಹುದು.

ಮೇಲಿನ ಪರೀಕ್ಷೆಯಲ್ಲಿ ವೈಫೈಯೇ ಕಳ್ಳ ಅಂತ ಗೊತ್ತಾದರೆ ಮಾತ್ರ ಆಕ್ಸೆಸ್ ಪಾಯಿಂಟ್‌ಗೂ ಓಪನ್‌ಡಬ್ಲ್ಯುಆರ್‌ಟಿ ಬರುವಂಥದ್ದನ್ನು ಹುಡುಕಿ. ಆಗ ಪೈ ಇಲ್ಲದೆ ಒಂದೇ ಡಬ್ಬದಲ್ಲೂ ಮುಗಿಸಬಹುದು. ನಾನು ನೋಡುವುದು ಮೀಡಿಯಾಟೆಕ್ ಚಿಪ್. ಅದರ ವೈಫೈ ಡ್ರೈವರ್ ಲಿನಕ್ಸ್‌ನಲ್ಲೇ ಇದೆ, ನಿಧಾನದ ಒಂದು ಫೋನ್ ಎಲ್ಲರ ಸಮಯ ತಿನ್ನದಂತೆ ಹಂಚುವ ಬುದ್ಧಿಯೂ ಅದಕ್ಕಿದೆ. ಬ್ರಾಡ್‌ಕಾಮ್ ಚಿಪ್ ಇದ್ದರೆ ಎಷ್ಟೇ ದುಬಾರಿ ರೂಟರ್ ಆದರೂ ಕೈ ಹಾಕಬೇಡಿ, ಅದರ ವೈಫೈಗೆ ತೆರೆದ ಡ್ರೈವರ್ ಸರಿಯಾಗಿಲ್ಲ. ಮೀಡಿಯಾಟೆಕ್‌ನಲ್ಲೂ ಹಳೆಯ ಎಂಟಿ7621 (880 ಮೆಗಾಹರ್ಟ್ಸ್, ಎರಡು ಕೋರ್) 150ಕ್ಕೆ ಎಸ್‌ಕ್ಯುಎಂ ಹಾಕಿದರೆ ಏದುಸಿರು ಬಿಡುತ್ತದೆ. ಏಸಸ್ ಆರ್‌ಟಿ-ಎಎಕ್ಸ್53ಯು ಥರದವು ಇದೇ ಚಿಪ್‌ನವು, 100ರ ಲೈನಿಗೆ ಚೆಂದ, ನಿಮಗೆ ಅಂಚಿನಲ್ಲಿ. ಎಂಟಿ7981 ಇರುವುದು ಸಿಕ್ಕರೆ ನಿಶ್ಚಿಂತೆ. ಓಪನ್‌ಡಬ್ಲ್ಯುಆರ್‌ಟಿಯವರೇ 2024ರ ಕೊನೆಯಲ್ಲಿ ಬನಾನಾ ಪೈ ಜೊತೆ ಸೇರಿ ತಂದ ಓಪನ್‌ಡಬ್ಲ್ಯುಆರ್‌ಟಿ ಒನ್‌ನಲ್ಲೂ ಇದೇ ಚಿಪ್, 1 ಜಿಬಿ ರ್‍ಯಾಮ್. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು, ಫರ್ಮ್‌ವೇರ್ (ಡಬ್ಬದೊಳಗಿನ ಸಾಫ್ಟ್‌ವೇರ್) ಕೆಟ್ಟರೆ ಎದ್ದು ಕೂರಲು ಬೇರೆಯದೇ ಇನ್ನೊಂದು ಫ್ಲ್ಯಾಶ್ ಇಟ್ಟಿದ್ದಾರೆ. ಬಿಡುಗಡೆಯಾದಾಗ ಕೇಸ್ ಸಮೇತ 89 ಡಾಲರ್ ಆಸುಪಾಸು ಇತ್ತು, ಇಲ್ಲಿಗೆ ತರಿಸಿದರೆ ಸಾಗಣೆ ಮತ್ತು ಸುಂಕ ಸೇರಿ ನಿಮ್ಮ 8 ಸಾವಿರ ದಾಟುತ್ತದೆ.

ರೂಟರ್ ಯಾವುದೇ ಇರಲಿ, ಹೆಸರು ನೋಡಿ ಕೊಳ್ಳಬೇಡಿ, ವರ್ಷನ್ ನೋಡಿ. ಇದು ಇವತ್ತಿನ ಕಥೆಯಲ್ಲ. ಓಪನ್‌ಡಬ್ಲ್ಯುಆರ್‌ಟಿಗೆ ಹೆಸರು ಕೊಟ್ಟ ಲಿಂಕ್ಸಿಸ್ ಡಬ್ಲ್ಯುಆರ್‌ಟಿ54ಜಿಯನ್ನೇ ನೋಡಿ, 2005ರಲ್ಲಿ ಬಂದ ಐದನೇ ವರ್ಷನ್‌ನಲ್ಲಿ ಲಿನಕ್ಸ್ ತೆಗೆದು, ಫ್ಲ್ಯಾಶ್ 2 ಎಂಬಿಗೆ, ರ್‍ಯಾಮ್ 8 ಎಂಬಿಗೆ ಇಳಿಸಿಬಿಟ್ಟಿದ್ದರು. ಹೊರಗೆ ಅದೇ ನೀಲಿ ಡಬ್ಬ! ಲಿನಕ್ಸ್ ಬೇಕು ಅನ್ನುವವರಿಗೆ ಡಬ್ಲ್ಯುಆರ್‌ಟಿ54ಜಿಎಲ್ ಅಂತ ಬೇರೆಯೇ ತಂದರು. ಟಿಪಿ-ಲಿಂಕ್ ಆರ್ಚರ್ ಸಿ6 ಕೂಡ ಹಾಗೇ, ಎರಡನೇ ವರ್ಷನ್‌ನಲ್ಲಿ ಕ್ವಾಲ್‌ಕಾಮ್ ಚಿಪ್, ಮೂರನೆಯದರಲ್ಲಿ ಮೀಡಿಯಾಟೆಕ್. ಒಂದರ ಫೈಲ್ ಇನ್ನೊಂದಕ್ಕೆ ಹಾಕುವಂತಿಲ್ಲ. ನಾನೇ ಒಮ್ಮೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ರೂಟರ್ ತಂದೆ, ರಟ್ಟಿನ ಡಬ್ಬದ ಮೇಲೆ ಒಂದು ವರ್ಷನ್, ಮನೆಗೆ ಬಂದು ತಳದ ಸ್ಟಿಕರ್ ನೋಡಿದರೆ ಇನ್ನೊಂದು, ಅದಕ್ಕೆ ಫರ್ಮ್‌ವೇರೇ ಇಲ್ಲ. ಈಗಲೂ ಪುಸ್ತಕ ಬೀಳದಂತೆ ಕಪಾಟಿನಲ್ಲಿ ಆತು ನಿಂತಿದೆ. ಅಂಗಡಿಯಲ್ಲೇ ತಿರುಗಿಸಿ ತಳ ನೋಡಿ, ಅಲ್ಲೇ ಫೋನಿನಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಹಾರ್ಡ್‌ವೇರ್ ಪಟ್ಟಿ ತೆಗೆದು ಆ ವರ್ಷನ್ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನು ಕಂಪನಿಯ ಫೈಬರ್ ಡಬ್ಬ. ಅದನ್ನು ಕಿತ್ತು ಹಾಕಲಾಗುವುದಿಲ್ಲ, ಬೆಳಕನ್ನು ಈಥರ್ನೆಟ್ ಮಾಡುವುದು ಅದೇ. ಬ್ರಿಡ್ಜ್ ಮೋಡ್‌ಗೆ (ಆಗ ಅದು ರೂಟಿಂಗ್ ಬಿಟ್ಟು ಲೈನನ್ನು ನೇರ ಪೈಗೆ ಕೊಡುತ್ತದೆ) ಹಾಕಿಕೊಡಿ ಅಂತ ಕೇಳಿ, ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಅದೇ ಡಬ್ಬದಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದಕ್ಕೇನಾಗುತ್ತದೆ ಅಂತ ಮೊದಲೇ ಕೇಳಿ. ಬ್ರಿಡ್ಜ್ ಕೊಡದಿದ್ದರೆ ಜಗಳ ಬೇಡ, ಅದರ ವೈಫೈ ಆಫ್ ಮಾಡಿ ಹಿಂದೆ ಪೈ ಹಾಕಿ, ಮನೆಯ ಸಾಮಾನ್ಯ ಬಳಕೆಗೆ ತೊಂದರೆಯಿಲ್ಲ. ಒಂದೇ ಎಚ್ಚರ: ಓಪನ್‌ಡಬ್ಲ್ಯುಆರ್‌ಟಿಯ ವಿಳಾಸ 192.168.1.1, ಬಹಳ ಕಂಪನಿ ಡಬ್ಬಗಳದ್ದೂ ಅದೇ. ಒಂದೇ ಬಾಗಿಲ ನಂಬರಿನ ಎರಡು ಮನೆ ಆದ ಹಾಗೆ. ನಿಮ್ಮದನ್ನು 192.168.10.1 ಮಾಡಿಕೊಳ್ಳಿ.

ಕರೆಂಟ್ ಹೋದಾಗಲೂ ಮೀಟಿಂಗ್ ನಡೆಯಬೇಕಲ್ವಾ? ರೂಟರ್‌ಗೆ ಅಂತ ಸಿಗುವ ಮಿನಿ ಯುಪಿಎಸ್‌ಗಳು ಹೆಚ್ಚಾಗಿ 12 ವೋಲ್ಟ್ ಕೊಡುತ್ತವೆ, ಫೈಬರ್ ಡಬ್ಬಕ್ಕೆ ಮತ್ತು ಆಕ್ಸೆಸ್ ಪಾಯಿಂಟ್‌ಗೆ ಸಾಮಾನ್ಯವಾಗಿ ಅದೇ ಬೇಕು. ಪೈಗೆ 5 ವೋಲ್ಟ್, 3 ಆಂಪಿಯರ್. ಯುಪಿಎಸ್‌ನ ಯುಎಸ್‌ಬಿ ಪೋರ್ಟ್ ಅಷ್ಟು ಕೊಡುತ್ತದಾ ಎಂದು ಅದರ ಮೇಲಿನ ಬರಹ ಓದಿ ಕೊಳ್ಳಿ.

ಪ್ರಶ್ನೆ: ನಾನು 1 ಗಿಗಾಬಿಟ್ ಪ್ಲಾನ್ ಹಾಕಿಸಿದ್ದೇನೆ. ನಾಲ್ಕು 2.5 ಗಿಗಾಬಿಟ್ ಪೋರ್ಟ್ ಇರುವ, ಇಂಟೆಲ್ ಎನ್100 ಚಿಪ್‌ನ ಮಿನಿ ಪಿಸಿ ತಗೊಂಡು, ಒಳಗೆ ಇಂಟೆಲ್ ಎಎಕ್ಸ್210 ವೈಫೈ ಕಾರ್ಡ್ ಹಾಕಿ, ಎಲ್ಲಾ ಒಂದರಲ್ಲೇ ಮುಗಿಸಬಹುದಾ?

ಉತ್ತರ: ಪಿಸಿ ತಗೊಳ್ಳಿ, ಒಳ್ಳೆಯ ಆಯ್ಕೆ. ಎಸ್‌ಕ್ಯುಎಂ, ವೈರ್‌ಗಾರ್ಡ್ ವಿಪಿಎನ್ ಎರಡನ್ನೂ ಗಿಗಾಬಿಟ್‌ನಲ್ಲಿ ಆರಾಮಾಗಿ ಓಡಿಸುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಹಾಕಿ ಇಲ್ಲವೇ ಅಂಥದ್ದೇ ಇನ್ನೊಂದು ರೂಟರ್ ಸಾಫ್ಟ್‌ವೇರ್ ಓಪಿಎನ್‌ಸೆನ್ಸ್ ಹಾಕಿ, ನಿಮ್ಮ ರುಚಿ. ಫ್ಯಾನ್ ಇಲ್ಲದ ಮಾಡೆಲ್ ಆದರೆ ಕಪಾಟಿನೊಳಗೆ ಮುಚ್ಚಿಡಬೇಡಿ, ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ವೈಫೈ ಕಾರ್ಡ್ ಮಾತ್ರ ಬೇಡ. ಇಂಟೆಲ್‌ನ ಈ ಕಾರ್ಡ್‌ಗಳು ತಾವು ಯಾವ ದೇಶದಲ್ಲಿದ್ದೇವೆ ಎಂದು ಸುತ್ತಲಿನ ಸಿಗ್ನಲ್ ನೋಡಿ ತಾವೇ ತೀರ್ಮಾನಿಸುತ್ತವೆ, 5 ಗಿಗಾಹರ್ಟ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಆಗಲು ಬಿಡುವುದಿಲ್ಲ. ನೀವು ಸೆಟ್ಟಿಂಗ್‌ನಲ್ಲಿ ದೇಶ ಬದಲಿಸಿದರೂ ಕೇಳುವುದಿಲ್ಲ, ಅದು ಕಾರ್ಡಿನ ಫರ್ಮ್‌ವೇರ್‌ನಲ್ಲೇ ಇರುವ ಕಟ್ಟು. ಕಾರ್ಡ್ ಆಗಲೇ ತಂದಿದ್ದರೆ ಹಳೇ ಲ್ಯಾಪ್‌ಟಾಪ್‌ಗೆ ಹಾಕಿ, ಅಲ್ಲಿ ಚೆನ್ನಾಗಿ ದುಡಿಯುತ್ತದೆ.