ಸಂಪಾದಕರ ಉತ್ತರ: ಸ್ಕ್ಯಾಗ್ವೇಯಲ್ಲಿ ರೈಲು ಹತ್ತದಿದ್ದರೆ ನಷ್ಟವೇ?

ಮಾನ್ಯರೇ,

ಸಿಯಾಟಲ್‌ನಲ್ಲಿರುವ ಮಗಳು ತಮಗೂ ತಮ್ಮ ಯಜಮಾನರಿಗೂ ಜೂನ್ ತಿಂಗಳ ಅಲಾಸ್ಕಾ ಕ್ರೂಸ್‌ಗೆ ಟಿಕೆಟ್ ಮಾಡಿಸಿದ್ದಾಳೆಂದೂ, ದಾರಿಯಲ್ಲಿ ಸ್ಕ್ಯಾಗ್ವೇ ಎಂಬ ಪುಟ್ಟ ಊರಿನಲ್ಲಿ ಹಡಗು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತದೆಂದೂ ಬರೆದಿದ್ದೀರಿ. ಬೆಟ್ಟದ ರೈಲು ಹತ್ತದಿದ್ದರೆ ಅಲ್ಲಿ ಇಳಿಯುವುದೇ ದಂಡ ಎಂದು ಹೋಗಿಬಂದವರೆಲ್ಲ ಹೇಳುತ್ತಿದ್ದಾರೆ. ಯಜಮಾನರಿಗೆ ಮೊಣಕಾಲು ನೋವು. ತಮಗೋ ಊರಿನಲ್ಲಿ ನಿಧಾನವಾಗಿ ಅಡ್ಡಾಡಿ ಹಡಗಿಗೆ ಮರಳುವ ಆಸೆ. ಅಷ್ಟು ಹಣ ಸುರಿದು ಹೋದವರು ಹೀಗೆ ಮಾಡಬಹುದೇ ಎಂಬುದು ತಮ್ಮ ಪ್ರಶ್ನೆ.

ಧಾರಾಳವಾಗಿ ಮಾಡಬಹುದು. ರೈಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂರಡಿ ಅಗಲದ ಹಳಿಯ ಮೇಲೆ ಇಪ್ಪತ್ತು ಮೈಲಿಯೊಳಗೆ ಸಮುದ್ರ ಮಟ್ಟದಿಂದ ಸುಮಾರು 2,865 ಅಡಿ ಎತ್ತರದ ವೈಟ್ ಪಾಸ್ ಕಣಿವೆಯ ನೆತ್ತಿಗೆ ಏರುವ, 1898ರಲ್ಲಿ ಕಟ್ಟಲು ಆರಂಭಿಸಿ 1900ರಲ್ಲಿ ಮುಗಿಸಿದ ಆ ಮಾರ್ಗ ನಿಜಕ್ಕೂ ಒಂದು ಸಾಹಸ. ಆದರೆ ಹಡಗಿನಿಂದ ಇಳಿದವರು ನೇರವಾಗಿ ರೈಲು ಹತ್ತಿ, ಮರಳಿದವರು ನೇರವಾಗಿ ಹಡಗು ಹತ್ತಿದರೆ, ಊರನ್ನು ನೋಡಿದವರು ಯಾರು? ಸ್ಕ್ಯಾಗ್ವೇಯ ಇತಿಹಾಸವೇ ಹೀಗೆ, ಬಂದವರೆಲ್ಲ ಬೇರೆಲ್ಲಿಗೋ ಓಡುವ ಆತುರದಲ್ಲಿದ್ದವರ ಇತಿಹಾಸ.

1887ರಲ್ಲಿ ಇಲ್ಲಿ ನೆಲೆಸಿದ ಕ್ಯಾಪ್ಟನ್ ವಿಲಿಯಂ ಮೂರ್, ಸ್ಕೂಕಂ ಜಿಮ್ ಎಂಬ ಮೂಲನಿವಾಸಿಯೊಡನೆ ಕಣಿವೆಯ ದಾರಿಯನ್ನು ಕಂಡು, ಒಂದಲ್ಲ ಒಂದು ದಿನ ಈ ಮಾರ್ಗವಾಗಿ ಚಿನ್ನ ಹುಡುಕುವವರು ಬಂದೇ ಬರುತ್ತಾರೆಂದು ಊಹಿಸಿ, 160 ಎಕರೆ ಜಾಗವನ್ನು ತನ್ನದೆಂದು ಗುರುತಿಸಿಕೊಂಡಿದ್ದ. ಊಹೆ ನಿಜವಾಯಿತು. 1897ರ ಬೇಸಿಗೆಯಲ್ಲಿ, ಗಡಿಯಾಚೆ ಕೆನಡಾದಲ್ಲಿರುವ ಕ್ಲಾಂಡೈಕ್ ಪ್ರದೇಶದ ಚಿನ್ನದ ಸುದ್ದಿ ಹಬ್ಬಿದಾಗ ಸಾವಿರಾರು ಜನ ಬಂದಿಳಿದು, ಅವನ ಜಮೀನಿನ ಮೇಲೆಯೇ ಬೀದಿಗಳನ್ನು ಅಳೆದು ಊರು ಕಟ್ಟಿಕೊಂಡರು. ಅವನು ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಬಂದವರಿಗೂ ಸುಖವಿರಲಿಲ್ಲ. ವರ್ಷಕ್ಕಾಗುವಷ್ಟು ಆಹಾರವಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡದ ಕಾರಣ, ಪ್ರತಿಯೊಬ್ಬನೂ ಸರಿಸುಮಾರು ಒಂದು ಟನ್ ಸಾಮಾನನ್ನು ಕಂತುಕಂತಾಗಿ ಬೆಟ್ಟದ ಮೇಲಕ್ಕೆ ಸಾಗಿಸಬೇಕಿತ್ತು. ಆ ದಾರಿಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತವು. ಮೂರ್‌ನ ಮರದ ಗುಡಿಸಲು ಇಂದಿಗೂ ಇದೆ. ಮೊದಲು ಅದನ್ನೇ ನೋಡಿ.

ನೋಡಬೇಕಾದ ಹಳೆಯ ಭಾಗವೆಲ್ಲ ಬ್ರಾಡ್‌ವೇ ಎಂಬ ಒಂದೇ ಬೀದಿಯ ಆಸುಪಾಸಿನಲ್ಲಿ, ಸಮತಟ್ಟಾದ ನೆಲದ ಮೇಲೆ, ಹಲಗೆ ಹಾಸಿದ ಕಾಲುದಾರಿಯ ಪಕ್ಕದಲ್ಲಿ ಇರುವುದರಿಂದ ಯಜಮಾನರ ಕಾಲಿಗೆ ಹೆಚ್ಚು ತೊಂದರೆಯಾಗದು. ಹಳೆಯ ರೈಲು ನಿಲ್ದಾಣದಲ್ಲಿ 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಮಾಹಿತಿ ಕೇಂದ್ರವಿದೆ. ರೇಂಜರುಗಳು ಊರನ್ನು ಸುತ್ತಿಸಿ ಕಥೆ ಹೇಳುವ ನಡಿಗೆಯ ಸಮಯವನ್ನು ಅಲ್ಲಿಯೇ ವಿಚಾರಿಸಿಕೊಳ್ಳಿ. ತುಸು ಮುಂದೆ, ಸಮುದ್ರದಲ್ಲಿ ತೇಲಿಬಂದ 8,800ಕ್ಕೂ ಹೆಚ್ಚು ಕಟ್ಟಿಗೆಯ ತುಂಡುಗಳನ್ನು ಮುಂಗೋಡೆಗೆ ಜೋಡಿಸಿದ ಆರ್ಕ್ಟಿಕ್ ಬ್ರದರ್‌ಹುಡ್ ಎಂಬ ಸಂಘದ ಭವನವಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಾವೂ ತೆಗೆಸಿಕೊಳ್ಳಿ, ಸಂಕೋಚ ಬೇಡ.

ಸೋಪಿ ಸ್ಮಿತ್ ಎಂಬ ವಂಚಕನ ಹೆಸರು ಊರ ತುಂಬ ಕೇಳಿಬರುತ್ತದೆ. ಊರಿಗೆ ತಂತಿಯೇ ಬಾರದ ಕಾಲದಲ್ಲಿ ಸುಳ್ಳು ತಂತಿ ಕಚೇರಿ ತೆರೆದು, ಮನೆಗೆ ಸುದ್ದಿ ಕಳಿಸಲು ಬಂದವರಿಂದ ಐದೈದು ಡಾಲರ್ ಕಿತ್ತುಕೊಳ್ಳುತ್ತಿದ್ದನಂತೆ. 1898ರ ಜುಲೈ 8ರಂದು ಕಡಲಕಟ್ಟೆಯ ಮೇಲೆ ನಡೆದ ಗುಂಡಿನ ಕಾಳಗದಲ್ಲಿ ಅವನು ಸತ್ತ. ಅವನನ್ನು ಎದುರಿಸಿದ ಫ್ರಾಂಕ್ ರೀಡ್ ಹನ್ನೆರಡು ದಿನ ನರಳಿ ಪ್ರಾಣ ಬಿಟ್ಟ. ಇಬ್ಬರ ಸಮಾಧಿಗಳೂ ಊರಾಚೆಯ ಸ್ಮಶಾನದಲ್ಲಿವೆ, ಆದರೆ ದೂರದ ನಡಿಗೆಯಾದ್ದರಿಂದ ತಮಗೆ ಅದನ್ನು ಒತ್ತಾಯಿಸಲಾರೆ. ಡ್ಯೂಯಿ ಕೆರೆಯ ಹಾದಿ ಕಡಿದಾದ ಏರು, ಅದನ್ನು ಬಿಟ್ಟೇಬಿಡಿ. ಅದರ ಬದಲು, ವಿಮಾನ ನಿಲ್ದಾಣದ ಪಕ್ಕದ ಕಾಲುಸೇತುವೆಯಿಂದ ನದಿಯನ್ನು ದಾಟಿ ಯಾಕುಟೇನಿಯಾ ಪಾಯಿಂಟ್‌ನ ಕಡೆಗೆ ಆದಷ್ಟು ದೂರ ಹೋಗಿ, ಎರಡೂ ಬದಿಗೆ ಬೆಟ್ಟಗಳು ನೀರಿಗಿಳಿದಂತಿರುವ ಲಿನ್ ಕೆನಾಲ್ ಎಂಬ ಕಡಲ ತೋಳನ್ನು ನೋಡುತ್ತ ಕುಳಿತರೆ ಮಧ್ಯಾಹ್ನ ಕಳೆದದ್ದೇ ತಿಳಿಯದು. ಗಾಳಿ ಜೋರಾಗಿರುತ್ತದೆ, ಸ್ವೆಟರ್ ಮರೆಯಬೇಡಿ. ಒಡವೆಯಂಗಡಿಗಳಿಗೆ ಮಾತ್ರ ಸಮಯ ಕೊಡಬೇಡಿ. ಕ್ರೂಸ್ ಬಂದರುಗಳಲ್ಲೆಲ್ಲ ಅಂಥವೇ ಅಂಗಡಿಗಳು, ಅಂಥವೇ ರಿಯಾಯಿತಿ ಫಲಕಗಳು.

ಊಟದ ಚಿಂತೆಯೂ ದೊಡ್ಡದಲ್ಲ. ಸಸ್ಯಾಹಾರಿಗಳಿಗೆ ಊರಿನಲ್ಲಿ ಆಯ್ಕೆ ಕಡಿಮೆಯಿದ್ದರೂ ಹಡಗುಕಟ್ಟೆ ಊರಿಗೆ ಹತ್ತಿರವೇ ಇರುವುದರಿಂದ, ಮಧ್ಯಾಹ್ನ ಹಡಗಿಗೆ ಮರಳಿ ಉಂಡು, ಕಾಲಿಗೆ ವಿಶ್ರಾಂತಿ ಕೊಟ್ಟು ಮತ್ತೆ ಇಳಿಯಬಹುದು. ಆಗ, ರೈಲ್ವೆ ಕಟ್ಟೆಯ ಪಕ್ಕದ ಬಂಡೆಗೋಡೆಯ ಮೇಲೆ ಹಿಂದೆ ಬಂದುಹೋದ ಹಡಗುಗಳ ಮತ್ತು ಕಪ್ತಾನರ ಹೆಸರುಗಳನ್ನು ಬಣ್ಣದಲ್ಲಿ ಬರೆದಿರುವುದನ್ನೂ ಗಮನಿಸಿ.

ಎರಡು ಎಚ್ಚರಿಕೆಗಳಿವೆ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಇಳಿಯುವ ಮುನ್ನ ಫೋನಿನ ಸಮಯವನ್ನು ಹಡಗಿನ ಸಮಯದೊಡನೆ ಹೋಲಿಸಿಕೊಳ್ಳಿ, ಏಕೆಂದರೆ ತಾವಾಗಿಯೇ ತಿರುಗಾಡುವವರಿಗಾಗಿ ಹಡಗು ಕಾಯುವುದಿಲ್ಲ. ಇನ್ನೊಂದು, ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ನೋಂದಣಿಯ ಹಡಗುಗಳು ಅಮೆರಿಕದ 1886ರ ಕಾನೂನಿನಿಂದಾಗಿ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕಾಗಿರುವುದರಿಂದ, ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಆದ್ದರಿಂದ, ರೈಲು ಹತ್ತಿದರೂ ಹತ್ತದಿದ್ದರೂ, ಭಾರತೀಯ ಪಾಸ್‌ಪೋರ್ಟಿನ ಮೇಲೆ ಕೆನಡಾ ವೀಸಾದ ವಿಚಾರವನ್ನು ಹಡಗು ಕಂಪನಿಯವರಲ್ಲಿ ಈಗಲೇ ಕೇಳಿ ಖಚಿತಪಡಿಸಿಕೊಳ್ಳುವಂತೆ ಮಗಳಿಗೆ ಹೇಳಿ.

— ಸಂಪಾದಕ