ಮುಚ್ಚಳ ತೆಗೆಯುವ ಮೊದಲು ಓದಬೇಕಾದ ಸಾಲು ನಾಲ್ಕನೇ ಪುಟದಲ್ಲಿದೆ

ಸದಾಶಿವಗಡದ ಮಿತ್ರರೇ,

‘ಹಳೆ ಜೀಪಿನ ರೇಡಿಯೇಟರ್ ಮನೆಯಲ್ಲೇ ತೊಳೆಯಿರಿ’ ಲೇಖನ ಕೈಸೇರಿತು. ವಿಷಯ ಉಪಯೋಗದ್ದು, ಫೋಟೋಗಳು ಸ್ಪಷ್ಟವಾಗಿವೆ. ಕಾಕ್ (ತಳದಲ್ಲಿ ನೀರು ಬಿಡುವ ನಲ್ಲಿ) ಬಿಚ್ಚಿದಾಗ ಬಂದ ನೀರು ಮಳೆಗಾಲದಲ್ಲಿ ಚಿರೇಕಲ್ಲು ಕ್ವಾರಿಯಿಂದ ಹರಿಯುವ ನೀರಿನ ಹಾಗಿತ್ತು ಎಂದಿದ್ದೀರಿ, ಅದು ಇಷ್ಟವಾಯಿತು. ಹೊಗಳಿಕೆ ಇಷ್ಟೇ. ಎರಡನೇ ಪುಟ ಓದುವಾಗ ನನಗೆ ಸಿಟ್ಟು ಬಂತು, ಅದನ್ನು ಹೇಳಿಬಿಡುತ್ತೇನೆ.

ಆ ಪುಟದ ನಡುವೆ ಹೀಗಿದೆ: “ತೊಳೆಯುವ ಮೊದಲು ವಾಹನವನ್ನು ಒಂದು ಸುತ್ತು ಓಡಿಸಿ ತಂದರೆ ತಳದಲ್ಲಿ ಕೂತ ತುಕ್ಕು ಕಲಕಿ ಸುಲಭವಾಗಿ ಹೊರಬರುತ್ತದೆ. ನಂತರ ರೇಡಿಯೇಟರ್ ಮುಚ್ಚಳ ತೆಗೆದು ಕೆಳಗಿನ ಕಾಕ್ ಸಡಿಲಿಸಬೇಕು.”

ಮೊದಲ ವಾಕ್ಯ ತಪ್ಪಲ್ಲ. ಎರಡನೆಯದೂ ತಪ್ಪಲ್ಲ. ಒಂದರ ಬೆನ್ನಿಗೇ ಇನ್ನೊಂದು ಬಂದಿದೆಯಲ್ಲ, ಅಪಾಯ ಅಲ್ಲಿದೆ. ಕಾಳಿ ಸೇತುವೆ ದಾಟಿ ಕೋಡಿಬಾಗಕ್ಕೆ ಹೋಗಿಬಂದ ಜೀಪಿನ ಮುಚ್ಚಳಕ್ಕೆ ಈಗಲೇ ಕೈ ಹಾಕಿ ಎಂದು ನೀವು ಓದುಗನಿಗೆ ಹೇಳುತ್ತಿದ್ದೀರಿ.

ನಿಮಗೆ ಗೊತ್ತಿಲ್ಲ ಅಂತಲ್ಲ. ನಾಲ್ಕನೇ ಪುಟದ ಕೊನೆಯಲ್ಲಿ, ಚೌಕದೊಳಗೆ, ‘ವಿಶೇಷ ಸೂಚನೆ: ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು’ ಎಂದು ಬರೆದಿದ್ದೀರಿ. ಮಾರಾಯ್ರೇ, ಓದುಗ ಅಲ್ಲಿಗೆ ತಲುಪುವ ಹೊತ್ತಿಗೆ ಮುಖ ಸುಟ್ಟುಕೊಂಡಾಗಿರುತ್ತದೆ. ಇಂಥ ಲೇಖನವನ್ನು ಪೂರ್ತಿ ಓದಿ ಮುಗಿಸಿ ಆಮೇಲೆ ಕೆಲಸಕ್ಕೆ ಇಳಿಯುವವರು ಕಡಿಮೆ. ಪತ್ರಿಕೆಯನ್ನು ಮಡ್‌ಗಾರ್ಡ್ ಮೇಲೆ ಇಟ್ಟುಕೊಂಡು, ಒಂದು ಸಾಲು ಓದಿ ಒಂದು ಕೆಲಸ ಮಾಡಿ, ಮತ್ತೆ ಬಗ್ಗಿ ಮುಂದಿನ ಸಾಲು ನೋಡುತ್ತಾರೆ. ಕೈಗೆ ಗ್ರೀಸ್ ಮೆತ್ತಿರುತ್ತದೆ. ಪುಟ ಮಗುಚುವುದಕ್ಕೂ ಬೇಜಾರು.

ಯಾಕೆ ತೆಗೆಯಬಾರದು ಎಂಬುದೂ ಅಲ್ಲೇ ಬರಬೇಕು. ಸುಮ್ನೆ ಬಾರದು ಅಂದರೆ ಯಾರು ಕೇಳುತ್ತಾರೆ? ಆ ಮುಚ್ಚಳದ ಒಳಗೆ ಸ್ಪ್ರಿಂಗ್ ಇದೆ. ಮೇಲೆ 0.9 (ಬಾರ್ ಒತ್ತಡ) ಎಂದು ಗುರುತು ಇದ್ದರೆ, ಒಳಗಿನ ಒತ್ತಡ ಅಷ್ಟು ಏರುವ ತನಕ ಅದು ಬಿಗಿಯಾಗಿ ಕೂತಿರುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 118ರ ತನಕ ತಡೆಯುತ್ತದೆ. ಅಣಶಿ ಘಟ್ಟ ಹತ್ತುವಾಗ ನಿಮ್ಮ ಜೀಪು ಕುದಿಯದೆ ಉಳಿಯಲು ಇದೂ ಒಂದು ಕಾರಣ. ಮುಚ್ಚಳ ತಿರುಗಿಸಿದ ಕೂಡಲೇ ಒತ್ತಡ ಹೋಯಿತು. 100 ದಾಟಿ ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಆವಿಯ ಜೊತೆ ಮುಖಕ್ಕೇ ಹಾರುತ್ತದೆ. ಇದನ್ನು ಇಷ್ಟೇ ಉದ್ದಕ್ಕೆ ಹೇಳಿ, ಓದುಗ ತಾನಾಗಿಯೇ ಕಾಯುತ್ತಾನೆ. ಎಷ್ಟು ಹೊತ್ತು ಕಾಯಬೇಕು ಎಂದೂ ಬೇಕಲ್ಲ. ಮೇಲಿನ ಹೋಸ್ ಮುಟ್ಟಿದರೆ ಬಿಸಿ ಇರಬಾರದು, ಹಿಂಡಿದರೆ ಮೆತ್ತಗಿರಬೇಕು. ಸಂಜೆ ಓಡಿಸಿ ತಂದು ನಿಲ್ಲಿಸಿ, ಬೆಳಿಗ್ಗೆ ಬಿಚ್ಚಿ ಎಂದರೂ ನಡೆಯುತ್ತದೆ.

ನಾನು ಈ ತಿದ್ದುವ ಕೆಲಸ ಕಲಿತದ್ದು ಶಿರಸಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಆಗಿನ್ನೂ ಅಚ್ಚಿನ ಮೊಳೆ ಜೋಡಿಸುವ ಕಾಲ. ಸಂಪಾದಕರಿಗೆ ಅಡಿಕೆ ತೋಟ ಇತ್ತು. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಪತ್ರಿಕೆ. ಮಳೆ ಹಿಡಿಯುವ ಮೊದಲು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಲೇಖನವನ್ನು ವರ್ಷವೂ ಯಾರಾದರೊಬ್ಬರು ಕಳಿಸುತ್ತಿದ್ದರು. ಅದನ್ನು ತಿದ್ದುವುದು ನನ್ನ ಪಾಲಿಗೆ. ತಿದ್ದಿದ್ದನ್ನು ಸಂಪಾದಕರು ಓದುತ್ತಿರಲಿಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರನ್ನು ಜಗಲಿಯಲ್ಲಿ ಕೂರಿಸಿ, “ಇವರಿಗೆ ಓದಿ ಹೇಳು” ಎನ್ನುತ್ತಿದ್ದರು.

ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಆಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು. ಕತ್ತಿ ಕೆಂಪಾದರೆ ಸುಣ್ಣ ಸಾಲಲಿಲ್ಲ ಎಂದು ಲೆಕ್ಕ. ಒಂದು ಲೇಖನದಲ್ಲಿ ಈ ಕತ್ತಿಯ ವಿಷಯ ಸಿಂಪಡಣೆ ಎಲ್ಲ ಮುಗಿದ ಮೇಲೆ, ಕೊನೆಯ ಪ್ಯಾರಾದಲ್ಲಿ ಬಂದಿತ್ತು. ನಾನು ಓದುತ್ತಾ ಹೋದೆ. ಗೌಡರು ಕೈ ಎತ್ತಿ ನಿಲ್ಲಿಸಿದರು. “ಅಷ್ಟೊತ್ತಿಗೆ ನಾನು ಮರದ ಮೇಲಿರ್ತೇನಲ್ರಾ, ಕತ್ತಿ ಅದ್ದೋದು ಯಾರು?” ಸಂಪಾದಕರು ಏನೂ ಹೇಳದೆ ಕೆಂಪು ಪೆನ್ಸಿಲನ್ನು ನನ್ನ ಕಡೆ ತಳ್ಳಿದರು.

ಅವತ್ತಿನಿಂದ ಲೇಖನದ ಕೊನೆಯಲ್ಲಿ ಚೌಕದೊಳಗೆ ‘ವಿಶೇಷ ಸೂಚನೆ’ ಕಂಡರೆ ನನಗೆ ಆಗುವುದಿಲ್ಲ.

ಮೂರನೇ ಪುಟಕ್ಕೆ ಬನ್ನಿ. “ಸ್ವಚ್ಛ ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತಿನ ನಂತರ ನೀರು ಹೊರಬಿಡಬೇಕು. ನೀರು ತಿಳಿಯಾಗುವ ತನಕ ಹೀಗೆಯೇ ಮಾಡಬೇಕು.” ಸ್ವಲ್ಪ ಹೊತ್ತು ಅಂದರೆ ಎಷ್ಟು? ಇಲ್ಲಿ ಗಡಿಯಾರಕ್ಕಿಂತ ಥರ್ಮೋಸ್ಟ್ಯಾಟ್, ಅಂದರೆ ಬಿಸಿಗೆ ತೆರೆಯುವ ಕವಾಟವನ್ನು ನಂಬಬೇಕು. ಸಾಮಾನ್ಯವಾಗಿ ಅದು 80 ಡಿಗ್ರಿ ದಾಟಿದ ಮೇಲೆ ತೆರೆದುಕೊಳ್ಳುತ್ತದೆ. ಅಲ್ಲಿಯ ತನಕ ನೀರು ಎಂಜಿನ್ ಒಳಗೇ ಸುತ್ತುತ್ತಿರುತ್ತದೆ, ರೇಡಿಯೇಟರ್ ಕಡೆ ಬರುವುದಿಲ್ಲ. ತಣ್ಣಗಿದ್ದ ಮೇಲಿನ ಹೋಸ್ ಬೇಗಬೇಗ ಬಿಸಿಯಾಯಿತು ಅಂದರೆ ತೆರೆಯಿತು ಎಂದರ್ಥ. ಅಲ್ಲಿಂದ ಮುಂದೆ ಐದು ಹತ್ತು ನಿಮಿಷ ಓಡಬೇಕು. ಅದಕ್ಕೂ ಮೊದಲೇ ಬಂದ್ ಮಾಡಿ ಕಾಕ್ ಬಿಚ್ಚಿದರೆ ಬ್ಲಾಕಿನ (ಎಂಜಿನ್ನಿನ ಒಡಲಿನ) ಕೊಳೆ ಬಹುಪಾಲು ಬ್ಲಾಕಿನಲ್ಲೇ ಉಳಿಯುತ್ತದೆ. ಇನ್ನು, ಪ್ರತಿ ಸಲವೂ ಬಿಚ್ಚುವ ಮೊದಲು ಮತ್ತೆ ತಣಿಯಬೇಕು. ಬಿಸಿ ಎಂಜಿನ್‌ಗೆ ತಣ್ಣೀರು ಹೊಯ್ದರೆ ಅದರ ಮೇಲ್ಭಾಗ, ಅಂದರೆ ಹೆಡ್, ಬಿರುಕು ಬಿಡಬಹುದು. ನಿಮ್ಮ ‘ಹೀಗೆಯೇ ಮಾಡಬೇಕು’ ಇದನ್ನೆಲ್ಲ ನುಂಗಿಬಿಟ್ಟಿದೆ. ಭಾನುವಾರ ಪೂರ್ತಿ ಇದಕ್ಕೇ ಹೋಗುತ್ತದೆ ಎಂದು ಬರೆದುಬಿಡಿ. ಓದುಗ ಬೈದರೆ ಬೈಯಲಿ.

ಆ ‘ಸ್ವಚ್ಛ ನೀರಿ’ನ ಬಗ್ಗೆ ನನಗೆ ಸಿಟ್ಟಿಗಿಂತ ಬೇಸರ ಜಾಸ್ತಿ. ಲೇಖನದ ಜೊತೆ ಒಂದು ಚೀಟಿ ಇಟ್ಟಿದ್ದಿರಿ. ಕಳಿಸುವುದು ತಡವಾಯಿತು ಎನ್ನುತ್ತಾ ಹೀಗೆ ಬರೆದಿದ್ದಿರಿ: “ನಮ್ಮ ಬಾವಿ ಕಾಳಿ ನದಿಗೆ ಹತ್ತಿರ. ಏಪ್ರಿಲ್ ಬಂತೆಂದರೆ ನೀರು ಉಪ್ಪಾಗುತ್ತದೆ. ಕೊನೆಗೆ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದೆ.”

ಇದು ಚೀಟಿಯಲ್ಲಿ ಇರುವ ವಿಷಯವೇ? ಇಡೀ ಲೇಖನದಲ್ಲಿ ನೀವೇ ಕಂಡದ್ದು, ನೀವೇ ಯೋಚಿಸಿ ಮಾಡಿದ್ದು ಇದೊಂದು, ಅದನ್ನೇ ಹೊರಗಿಟ್ಟಿರಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಸಮುದ್ರದ ನೀರು ಅಳಿವೆಯೊಳಗೆ ನುಗ್ಗುತ್ತದೆ, ದಡದ ಬಾವಿಗಳಿಗೂ ಇಳಿಯುತ್ತದೆ. ಗಂಗಾವಳಿ, ಅಘನಾಶಿನಿಯ ಅಳಿವೆ ಬದಿಯಲ್ಲೂ ಇದೇ ಕಥೆ. ಬಕೆಟಿನಲ್ಲಿ ಹಿಡಿದರೆ ಆ ನೀರೂ ತಿಳಿಯಾಗಿಯೇ ಕಾಣುತ್ತದೆ. ಹಳೆ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಕೆಲವದರಲ್ಲಿ ಕಬ್ಬಿಣ, ಕೆಲವದರಲ್ಲಿ ಅಲ್ಯೂಮಿನಿಯಂ. ಉಪ್ಪು ಎರಡನ್ನೂ ತಿನ್ನುತ್ತದೆ. ನಿಮ್ಮ ಲೇಖನ ನಂಬಿ ಕುಮಟಾದ ಯಾರೋ ಮೇ ತಿಂಗಳಲ್ಲಿ ತಮ್ಮ ಬಾವಿಯ ‘ಸ್ವಚ್ಛ’ ನೀರು ಸೇದಿ ಹೊಯ್ದರೆ, ಇದ್ದ ತುಕ್ಕು ತೊಳೆದು ಹೊಸ ತುಕ್ಕಿಗೆ ಜಾಗ ಮಾಡಿಕೊಟ್ಟ ಹಾಗೆ, ಅಲ್ವಾ?

ಕಾಕ್ ಬಿಚ್ಚಿದ ಮಾತ್ರಕ್ಕೆ ಎಲ್ಲ ನೀರೂ ಬರುವುದಿಲ್ಲ, ಬ್ಲಾಕಿನಲ್ಲಿ ಒಂದಷ್ಟು ಉಳಿಯುತ್ತದೆ. ಆದ್ದರಿಂದ ಕೊನೆಯ ಸಲ ತೊಳೆಯುವಾಗಲೂ ಡಿಸ್ಟಿಲ್ಡ್ ವಾಟರ್ ಬೇಕು. ಇದೇ ಕಾರಣಕ್ಕೆ ‘ಅರ್ಧ ಕೂಲಂಟ್ (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ), ಅರ್ಧ ನೀರು ಕಲಸಿ ತುಂಬಿ’ ಎಂಬ ಸಾಲನ್ನೂ ಬದಲಿಸಿ. ಒಳಗೆ ಉಳಿದ ನೀರು ಸೇರಿ ಅದು ತೆಳುವಾಗುತ್ತದೆ. ಜೀಪು ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೋ ಅದರ ಅರ್ಧದಷ್ಟು, ನೀರು ಬೆರೆಸದ ಗಟ್ಟಿ ಕೂಲಂಟ್ ಮೊದಲು ಹೊಯ್ದು, ಮೇಲಿನದನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿಸಲಿ.

ಹಳೆ ಕೂಲಂಟನ್ನು ತೆಂಗಿನ ಬುಡಕ್ಕೆ ಬಿಡಬಹುದು ಎಂಬ ವಾಕ್ಯವನ್ನು ನಾನೇ ಹೊಡೆದು ಹಾಕಿದ್ದೇನೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿಯೋ ಬೆಕ್ಕೋ ನೆಕ್ಕಿದರೆ ಕಿಡ್ನಿ ಹಾಳಾಗಿ ಸಾಯಬಹುದು. ಈ ಬಗ್ಗೆ ಚರ್ಚೆ ಬೇಡ.

ಮೊದಲ ಪುಟ, ಐದನೇ ಪುಟ, ಕಾಗುಣಿತ, ಇವನ್ನು ನಾವು ನೋಡಿಕೊಳ್ಳುತ್ತೇವೆ. ನೀವು ಎರಡು ಮತ್ತು ಮೂರನೇ ಪುಟ ಮಾತ್ರ ಹೊಸದಾಗಿ ಬರೆಯಿರಿ. ಚೀಟಿಯನ್ನು ವಾಪಸ್ ಕಳಿಸುತ್ತಿದ್ದೇನೆ, ಬಾವಿಯ ಭಾಗ ಅದರಲ್ಲಿ ಇದ್ದ ಹಾಗೆಯೇ ಬರಲಿ, ನುಣುಪು ಮಾಡಬೇಡಿ. ಬರೆದಾದ ಮೇಲೆ ತಣ್ಣಗಿರುವ ಜೀಪಿನ ಪಕ್ಕ ಮನೆಯ ಯಾರನ್ನಾದರೂ ನಿಲ್ಲಿಸಿ, ಒಂದೊಂದೇ ಸಾಲು ಓದಿ ಹೇಳಿ. ಅವರು ಕೈ ಎಲ್ಲಿ ಇಡಬೇಕು ಎಂದು ಕೇಳಿದ ಕಡೆಯೆಲ್ಲ ಗುರುತು ಹಾಕಿ, ಆ ಹಾಳೆಯನ್ನೂ ಜೊತೆಗೆ ಕಳಿಸಿ.

ಸಂಪಾದಕ